ಓನೊಮಿಚಿಯಲ್ಲಿ ಒಂಟಿ ಕೋಣೆ

ಬಾಗಿಲು ತೆಗೆದೆ. ಎರಡು ಹೆಜ್ಜೆ ಇಟ್ಟೆ. ಮೂರನೇ ಹೆಜ್ಜೆಗೆ ಮಂಚ ಮೊಣಕಾಲಿಗೆ ಬಡಿಯಿತು! ಅಷ್ಟೇ ಸ್ವಾಮಿ ರೂಮು. ಸೂಟ್‌ಕೇಸ್ ಬಿಚ್ಚಬೇಕಾದರೆ ಮಂಚದ ಮೇಲೆ ನಾನು ಕಾಲು ಮಡಚಿ ಕೂರಬೇಕು, ನಾನು ನೆಲಕ್ಕಿಳಿಯಬೇಕಾದರೆ ಸೂಟ್‌ಕೇಸ್ ಮಂಚ ಹತ್ತಬೇಕು. ಇಬ್ಬರಿಗೂ ಏಕಕಾಲಕ್ಕೆ ನೆಲದ ಮೇಲೆ ಜಾಗವಿಲ್ಲ.

ಜಪಾನಿನಲ್ಲಿ ಇಂಥದ್ದಕ್ಕೆ ‘ಬಿಸಿನೆಸ್ ಹೋಟೆಲ್’ ಅಂತ ಕರೀತಾರೆ. ಹೆಸರು ಕೇಳಿ ದೊಡ್ಡ ದೊಡ್ಡ ಸೇಠುಗಳು ಇಳಿಯುವ ಜಾಗ ಅಂದುಕೊಳ್ಳಬೇಡಿ. ಕಂಪನಿ ಕೆಲಸಕ್ಕೆಂದು ಊರೂರು ಸುತ್ತುವ ಸಂಬಳದಾಳು ರಾತ್ರಿ ಬಂದು ಬಿದ್ದುಕೊಂಡು ಬೆಳಗ್ಗೆ ಎದ್ದು ಹೋಗಲಿ ಎಂದು ಕಟ್ಟಿದ ಜಾಗ ಇದು. ನಮ್ಮ ಮೆಜೆಸ್ಟಿಕ್ಕಿನ ಲಾಡ್ಜುಗಳ ಜಪಾನಿ ತಮ್ಮ ಅನ್ನಿ. ತಮ್ಮ ತುಂಬ ಶುಚಿಗಾರ, ಮಾತು ಕಮ್ಮಿ. ಬಾಡಿಗೆ ರಾತ್ರಿಗೆ 6 ಸಾವಿರ ಯೆನ್. ನಮ್ಮ ಲೆಕ್ಕದಲ್ಲಿ ಮೂರು ಸಾವಿರ ರೂಪಾಯಿ ದಾಟಿತು. ಎಣಿಸಿ ಕೊಡುವಾಗ ಕೈ ಸ್ವಲ್ಪ ನಡುಗಿದ್ದು ನಿಜ.

ಇಷ್ಟು ದೂರದ ಊರಿಗೆ ನಾನೇಕೆ ಹೋದೆ? ಓಸಾಕಾದಲ್ಲಿ ಕೆಲಸದಲ್ಲಿರುವ ನಮ್ಮೂರ ಗೆಳೆಯ ಕರೆಸಿಕೊಂಡಿದ್ದ. ಅವನು ಡ್ಯೂಟಿಗೆ ಹೋದಾಗ ನಾನು ಗೋಡೆ ನೋಡುತ್ತ ಕೂರಬೇಕು. “ಎರಡು ದಿನ ಎಲ್ಲಾದರೂ ಹೋಗಿ ಬಾರೋ” ಅಂದ. ಬೇರೆಯವರಾದರೆ ಫುಜಿ ಪರ್ವತ ನೋಡಲು ಹೋಗುತ್ತಿದ್ದರೇನೋ. ಸಿನಿಮಾ ಹುಚ್ಚಿನವನಿಗೆ ನೆನಪಾದದ್ದು ಓನೊಮಿಚಿ. ಬುಲೆಟ್ ರೈಲಿನ ಟಿಕೆಟ್ ದುಬಾರಿ. ಸಾದಾ ರೈಲುಗಳನ್ನು ಬದಲಿಸುತ್ತ ಬದಲಿಸುತ್ತ ಅರ್ಧ ದಿನ ಕಳೆದು ಇಳಿದೆ.

ಚಿತ್ರರಸಿಕರೇ, ಹಿರೋಶಿಮಾ ಪ್ರಾಂತದ ಕಡಲ ತೀರದ ಈ ಪುಟ್ಟ ಊರು ಜಪಾನಿ ಸಿನಿಮಾಕ್ಕೆ ನಮ್ಮ ಮೇಲುಕೋಟೆ, ಶ್ರೀರಂಗಪಟ್ಟಣಗಳಿದ್ದ ಹಾಗೆ! ಒಂದು ಕಡೆ ಗುಡ್ಡ, ಒಂದು ಕಡೆ ಸಮುದ್ರ, ನಡುವೆ ರೈಲು ಹಳಿ. ಎದುರಿಗೆ ಮುಕಾಯಿಶಿಮಾ ಎಂಬ ದ್ವೀಪ. ನಡುವಿನ ಸಮುದ್ರವೋ ನಮ್ಮ ಕಾವೇರಿ ಹೊಳೆಯಷ್ಟೇ ಅಗಲ. ಫೆರಿ ದೋಣಿ ಐದು ನಿಮಿಷದಲ್ಲಿ ದಾಟಿಸುತ್ತದೆ. ಕ್ಯಾಮರಾ ಎಲ್ಲಿಟ್ಟರೂ ಫ್ರೇಮ್ ತಾನಾಗಿ ತುಂಬಿಕೊಳ್ಳುತ್ತದೆ.

ಇಲ್ಲೇ 1953ರಲ್ಲಿ ಯಸುಜಿರೊ ಓಜು ಎಂಬ ಮಹಾಶಯ ‘ಟೋಕಿಯೊ ಸ್ಟೋರಿ’ ತೆಗೆದದ್ದು. 2012ರಲ್ಲಿ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಜಗತ್ತಿನ ನಿರ್ದೇಶಕರನ್ನೆಲ್ಲ ಕೇಳಿದಾಗ ಅವರ ಓಟಿನಲ್ಲಿ ಮೊದಲು ಬಂದ ಚಿತ್ರ ಅದು. ಫೈಟ್ ಇಲ್ಲ, ಡಾನ್ಸ್ ಇಲ್ಲ. ಕ್ಯಾಮರಾ ಕೂಡ ಚಾಪೆ ಮೇಲೆ ಕೂತವನ ಹಾಗೆ ನೆಲಕ್ಕೆ ಹತ್ತಿರ ಕೂತುಬಿಡುತ್ತದೆ, ಅಲುಗುವುದೇ ಅಪರೂಪ. ಬೆಂಗಳೂರಿನ ಒಂದು ಫಿಲಂ ಸೊಸೈಟಿಯಲ್ಲಿ ಇದನ್ನು ನೋಡಲು ಹೋಗಿ ನಾನು ಅರ್ಧಕ್ಕೇ ಟೀ ಕುಡಿಯಲು ಎದ್ದು ಹೋಗಿದ್ದೆ. ಸುಳ್ಳು ಯಾಕೆ ಹೇಳಲಿ?

ಹೋಟೆಲಿನ ಕೌಂಟರಿನಲ್ಲಿ ರಾತ್ರಿ ಪಾಳಿಗೆ ಇದ್ದವರು ಎಪ್ಪತ್ತರ ಆಸುಪಾಸಿನ ಅಜ್ಜ. ಕೋಟು, ಟೈ, ತಲೆ ತುಂಬ ಬಿಳಿ ಕೂದಲು. ಪಾಸ್‌ಪೋರ್ಟ್ ಇಸಿದುಕೊಂಡು ಜೆರಾಕ್ಸ್ ಮಾಡಿದರು. ವಿದೇಶಿಯರಿಗೆ ಅದು ಅಲ್ಲಿಯ ನಿಯಮ. “ಇಂಡೋ?” ಎಂದರು. ಹೂಂ ಎಂದೆ. ಅಜ್ಜನ ಮುಖ ಅರಳಿತು. ಮೇಜಿನ ಮೇಲಿದ್ದ ಒರೆಸುವ ಬಟ್ಟೆ ತೆಗೆದು ಹೆಗಲ ಮೇಲೆ ಸರ್ರನೆ ಎಸೆದುಕೊಂಡು, “ಮುತ್ತು! ಒದೊರು ಮಹಾರಾಜಾ!” ಎನ್ನಬೇಕೆ?

ನಮ್ಮ ರಜನಿ! 1995ರ ‘ಮುತ್ತು’ 1998ರಲ್ಲಿ ಜಪಾನಿಗೆ ಹೋಗಿ ‘ಕುಣಿಯುವ ಮಹಾರಾಜ’ ಎಂಬ ಹೆಸರಿನಲ್ಲಿ ತಿಂಗಳುಗಟ್ಟಲೆ ಓಡಿತ್ತು. 2022ರಲ್ಲಿ ‘ಆರ್‌ಆರ್‌ಆರ್’ ಬಂದು ಆ ದಾಖಲೆ ಮುರಿಯುವವರೆಗೂ ಅಲ್ಲಿ ಭಾರತದ ಸಿನಿಮಾ ಎಂದರೆ ಮುತ್ತುವೇ. (ದಾಖಲೆ ಮುರಿದ ರಾಜಮೌಳಿ ಹುಟ್ಟಿದ್ದು ನಮ್ಮ ರಾಯಚೂರು ಜಿಲ್ಲೆಯಲ್ಲಿ ಎಂಬುದನ್ನೂ ಸೇರಿಸಿಬಿಡುತ್ತೇನೆ.) ನಾನು ಮೊಬೈಲಿನ ಅನುವಾದ ಯಂತ್ರದಲ್ಲಿ, ‘ಈ ಮಹಾರಾಜ ನಮ್ಮ ಬೆಂಗಳೂರಿನಲ್ಲಿ ಸಿಟಿ ಬಸ್ ಕಂಡಕ್ಟರ್ ಆಗಿದ್ದವರು’ ಎಂದು ಬರೆದು ತೋರಿಸಿದೆ. ಅಜ್ಜ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಎರಡು ಬೆರಳಿನಲ್ಲಿ ಟಿಕೆಟ್ ಪಂಚ್ ಮಾಡುವ ಹಾಗೆ ‘ಟಿಕ್ ಟಿಕ್’ ಅಂದು ನನ್ನ ಬೀಗದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಇನ್ನೊಂದು ವಿಚಿತ್ರ ಕೇಳಿ. ಓಜು ಹುಟ್ಟಿದ್ದು 1903ರ ಡಿಸೆಂಬರ್ 12, ಸತ್ತದ್ದು 1963ರ ಡಿಸೆಂಬರ್ 12. ರಜನಿ ಹುಟ್ಟಿದ್ದು 1950ರ ಡಿಸೆಂಬರ್ 12! ಅಭಿಮಾನಿಗಳು ನೋಟ್ ಮಾಡಿಕೊಳ್ಳಿ.

ರೂಮಿಗೆ ಬರೋಣ. ಇಷ್ಟು ಚಿಕ್ಕ ಜಾಗದಲ್ಲಿ ಏನೇನಿತ್ತು ಗೊತ್ತಾ? ಮಂಚ, ಗೋಡೆಗೆ ಅಂಟಿದ ಮೇಜು, ಟೀವಿ, ಅಂಗೈಯಗಲದ ಫ್ರಿಜ್ಜು, ನೀರು ಕಾಯಿಸುವ ಕೆಟಲ್, ಹಸಿರು ಚಹದ ಪೊಟ್ಟಣ, ಚಪ್ಪಲಿ, ಮಡಚಿಟ್ಟ ಯುಕಾತಾ ಎಂಬ ರಾತ್ರಿಯ ನಿಲುವಂಗಿ. ಮಂಚದ ಪಕ್ಕದ ಗೋಡೆಗೆ ಒಂದು ಟಾರ್ಚು. ಭೂಕಂಪವಾಗಿ ಕರೆಂಟು ಹೋದರೆ ಕೈಗೆ ಸಿಗಲಿ ಅಂತ. ಕಿಟಕಿ ಗಾಜಿನ ಮೇಲೆ ತಲೆಕೆಳಗಾದ ಕೆಂಪು ತ್ರಿಕೋನ. ಬೆಂಕಿ ಬಿದ್ದರೆ ಫೈರ್‌ನವರು ಒಳಗೆ ನುಗ್ಗುವ ದಾರಿ ಅದೇ ಎಂಬ ಗುರುತು. ನಿದ್ದೆಗೆ ಮುಂಚೆ ಓದಿಕೊಳ್ಳಲು ಒಳ್ಳೇ ವಿಷಯಗಳು!

ಬಚ್ಚಲುಮನೆ ಒಂದು ಅದ್ಭುತ. ನೆಲ, ಗೋಡೆ, ತೊಟ್ಟಿ, ಕಕ್ಕಸು ಎಲ್ಲ ಸೇರಿ ಒಂದು ಪ್ಲಾಸ್ಟಿಕ್ ಡಬ್ಬಿ. ಕಾರ್ಖಾನೆಯಲ್ಲಿ ತಯಾರಾದ ಭಾಗಗಳನ್ನು ತಂದು ಜೋಡಿಸಿಬಿಡುತ್ತಾರೆ. 1964ರ ಟೋಕಿಯೊ ಒಲಿಂಪಿಕ್ಸಿಗೆ ಹೋಟೆಲ್ ನ್ಯೂ ಒಟಾನಿಯನ್ನು ಅವಸರದಲ್ಲಿ ಕಟ್ಟಬೇಕಾಗಿ ಬಂದಾಗ ಒಂದೊಂದು ಬಚ್ಚಲಿಗೆ ಗಾರೆ ಕೆಲಸ ಮಾಡುತ್ತ ಕೂರಲು ಸಮಯವಿರಲಿಲ್ಲ. ಆಗ ಹುಟ್ಟಿದ ಉಪಾಯ ಇವತ್ತು ದೇಶದ ತುಂಬ ಇದೆ. ನಲ್ಲಿ ಒಂದೇ. ಇತ್ತ ತಿರುಗಿಸಿದರೆ ಮುಖ ತೊಳೆಯುವ ಬೇಸಿನ್ನಿಗೆ, ಅತ್ತ ತಿರುಗಿಸಿದರೆ ತೊಟ್ಟಿಗೆ! ಮೊದಲ ರಾತ್ರಿ ತಪ್ಪಾಗಿ ತಿರುಗಿಸಿ ಯುಕಾತಾ ಪೂರ್ತಿ ನೆನೆಸಿಕೊಂಡೆ. ಕಕ್ಕಸಿನ ಸೀಟು ಬೆಚ್ಚಗಿರುತ್ತದೆ. ಮೊದಲ ಸಲ ಕೂತಾಗ ಈಗ ತಾನೇ ಯಾರೋ ಎದ್ದು ಹೋಗಿರಬೇಕು ಅನಿಸಿ ಹಾರಿ ನಿಂತೆ.

ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿತ್ತು. ಅನ್ನ, ಸುಟ್ಟ ಮೀನು, ಮಿಸೊ ಎಂಬ ಸೋಯಾ ಹಿಟ್ಟಿನ ಸಾರು, ಹಸಿ ಮೊಟ್ಟೆ, ಕೊಳೆಸಿದ ಸೋಯಾಕಾಳಿನ ನಾಟ್ಟೊ. ಕಡ್ಡಿಯಲ್ಲಿ ಎತ್ತಿದರೆ ನಾಟ್ಟೊ ಹಲಸಿನ ಅಂಟಿನಂತೆ ನೂಲು ನೂಲಾಗಿ ಜೋತಾಡುತ್ತದೆ. ನಾನು ಉಪ್ಪಿನಲ್ಲಿ ಊರಿಸಿದ ಅವರ ಪ್ಲಮ್ ಹಣ್ಣಿನ ಜೊತೆ ಎರಡು ಬಟ್ಟಲು ಅನ್ನ ಹೊಡೆದೆ. ನಮ್ಮ ನಿಂಬೆಕಾಯಿ ಉಪ್ಪಿನಕಾಯಿಯಿಂದ ಖಾರ ತೆಗೆದರೆ ಹೇಗೋ ಹಾಗೆ. ಸುತ್ತ ಕೂತವರಲ್ಲಿ ಅರ್ಧ ಜನ ಬಿಗಿ ಚಡ್ಡಿಯ ಸೈಕಲ್ ಸವಾರರು. ದ್ವೀಪದಿಂದ ದ್ವೀಪಕ್ಕೆ ಸೇತುವೆ ದಾಟುತ್ತ ಇಮಾಬಾರಿವರೆಗೆ ಸುಮಾರು 70 ಕಿಲೋಮೀಟರ್ ಸೈಕಲ್ ದಾರಿ ಈ ಊರಿಂದಲೇ ಶುರುವಾಗುತ್ತದೆ. ಉಳಿದರ್ಧ ಟೈ ಕಟ್ಟಿದ ಒಂಟಿ ಗಂಡಸರು. ಒಬ್ಬೊಬ್ಬರಿಗೆ ಒಂದೊಂದು ಮೇಜು. ಯಾರೂ ಯಾರ ಜೊತೆಗೂ ಮಾತಾಡಲಿಲ್ಲ.

ಹಗಲೆಲ್ಲ ನಡೆದೆ. ಓನೊಮಿಚಿಯಲ್ಲಿ ನಡೆಯುವುದೆಂದರೆ ಹತ್ತುವುದು. ಕಲ್ಲಿನ ಮೆಟ್ಟಿಲು, ಇಕ್ಕಟ್ಟು ಓಣಿ, ಓಣಿಗೊಂದು ಬೆಕ್ಕು. ಮಿಸೋದೆ ತೆನ್ಮಾಂಗೂ ಗುಡಿಯ 55 ಮೆಟ್ಟಿಲು ಎಣಿಸಿ ಹತ್ತಿದೆ. 1982ರ ‘ತೆನ್ಕೋಸೆ’ ಚಿತ್ರದಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿ ಈ ಮೆಟ್ಟಿಲುಗಳ ಮೇಲಿಂದ ಉರುಳಿ ಬಿದ್ದು ಏಳುವಾಗ ಅವನು ಅವಳಾಗಿರುತ್ತಾನೆ, ಅವಳು ಅವನಾಗಿರುತ್ತಾಳೆ! ನಿರ್ದೇಶಕ ನೊಬುಹಿಕೊ ಓಬಯಾಶಿ ಈ ಊರಿನವರೇ. ಇಲ್ಲೇ ಮೂರು ಚಿತ್ರ ತೆಗೆದು ಹುಡುಗ ಹುಡುಗಿಯರನ್ನು ಈ ಊರಿಗೆ ದಂಡುಗಟ್ಟಿ ಬರುವಂತೆ ಮಾಡಿದವರು. 2020ರ ಏಪ್ರಿಲಿನಲ್ಲಿ ತೀರಿಕೊಂಡರು. ಎದುರಿನ ದ್ವೀಪದಲ್ಲಿ ಹಡಗು ಕಟ್ಟುವ ಅಂಗಳವಿದೆ. ‘ಯಮಾಟೊ’ ಯುದ್ಧನೌಕೆಯ ಬಗ್ಗೆ 2005ರಲ್ಲಿ ಬಂದ ಚಿತ್ರಕ್ಕೆ ಅಲ್ಲಿ ಸುಮಾರು 190 ಮೀಟರ್ ಉದ್ದದ ಹಡಗಿನ ಸೆಟ್ ಹಾಕಿದ್ದರಂತೆ. ಯಾವ ಸ್ಟುಡಿಯೋ ಫ್ಲೋರಿನಲ್ಲಿ ಹಿಡಿದೀತು ಹೇಳಿ?

ಇಂಥ ಊರಿನಲ್ಲಿ 2001ರಲ್ಲಿ ಕೊನೆಯ ಥಿಯೇಟರೂ ಮುಚ್ಚಿಹೋಯಿತು. ಸಿನಿಮಾದ ಊರಲ್ಲಿ ಸಿನಿಮಾ ನೋಡಲು ಜಾಗವಿಲ್ಲ! ಊರಿನ ಜನ ಸುಮ್ಮನೆ ಕೂರಲಿಲ್ಲ. ದುಡ್ಡು ಕೂಡಿಸಿ 2008ರಲ್ಲಿ ರೈಲ್ವೆ ಸ್ಟೇಷನ್ ಎದುರಿಗೇ ‘ಸಿನೆಮಾ ಓನೊಮಿಚಿ’ ತೆರೆದರು. ಅದರ ಮುಂದೆ ನಿಂತು ಪೋಸ್ಟರ್ ನೋಡುವಾಗ ನಮ್ಮ ಕೆಂಪೇಗೌಡ ರಸ್ತೆಯಲ್ಲಿ ಒಂದೊಂದಾಗಿ ಮಾಯವಾದ ಟಾಕೀಸುಗಳು ಕಣ್ಣ ಮುಂದೆ ಬಂದವು. ಅದು ಬೇರೆ ಕಥೆ, ಇನ್ನೊಮ್ಮೆ ಬರೆಯುತ್ತೇನೆ.

ಸಂಜೆ ಜೋದೊಜಿ ದೇವಾಲಯಕ್ಕೆ ಹೋದೆ. ರೈಲು ಹಳಿಯ ಕೆಳಗೆ ನುಸಿದು ಮೆಟ್ಟಿಲು ಹತ್ತಬೇಕು. ‘ಟೋಕಿಯೊ ಸ್ಟೋರಿ’ಯ ಮುದುಕ, ಹೆಂಡತಿ ಸತ್ತ ಬೆಳಗ್ಗೆ ಒಬ್ಬನೇ ಬಂದು ನಿಲ್ಲುವುದು ಈ ಅಂಗಳದಲ್ಲೇ. ಅಳುವುದಿಲ್ಲ. ಬೆಳಗು ಎಷ್ಟು ಚೆನ್ನಾಗಿತ್ತು, ಇವತ್ತೂ ಸೆಕೆಯಾಗುತ್ತದೆ ಎನ್ನುತ್ತಾನೆ, ಅಷ್ಟೇ. ಆ ಮುದುಕನ ಪಾತ್ರ ಮಾಡಿದ ಚಿಶೂ ರ್ಯೂ ಅವರಿಗೆ ಆಗ 49 ವರ್ಷ ಅಂದರೆ ನಂಬುತ್ತೀರಾ? ನಾನು ನಿಂತಿದ್ದಾಗ ಪಾರಿವಾಳ ಬಿಟ್ಟರೆ ಯಾರೂ ಇರಲಿಲ್ಲ.

ಆ ರಾತ್ರಿ ಯುಕಾತಾ ಸುತ್ತಿಕೊಂಡು, ಮಂಚದ ಮೇಲೆ ಒರಗಿ, ಅರ್ಧಕ್ಕೇ ಬಿಟ್ಟಿದ್ದ ಚಿತ್ರವನ್ನು ಮೊಬೈಲಿನಲ್ಲಿ ಪೂರ್ತಿ ನೋಡಿದೆ. ಕಥೆ ಸುಲಭ. ಓನೊಮಿಚಿಯ ಮುದುಕ ಮುದುಕಿ ಮಕ್ಕಳನ್ನು ನೋಡಲು ಟೋಕಿಯೊಗೆ ಹೋಗುತ್ತಾರೆ. ಮಗ ಡಾಕ್ಟರ್, ಮಗಳದ್ದು ಬ್ಯೂಟಿ ಪಾರ್ಲರ್. ಇಬ್ಬರಿಗೂ ಪುರಸೊತ್ತಿಲ್ಲ. ಯುದ್ಧದಲ್ಲಿ ಸತ್ತ ಇನ್ನೊಬ್ಬ ಮಗನ ಹೆಂಡತಿ ಮಾತ್ರ ರಜೆ ಹಾಕಿ ಊರು ತೋರಿಸುತ್ತಾಳೆ. ಆ ಪಾತ್ರದ ಸೆತ್ಸುಕೊ ಹಾರಾ ನಕ್ಕರೆ ಸಾಕು, ನಿಮ್ಮ ಮೆಚ್ಚಿನ ತಾರೆಯರೆಲ್ಲ ಒಂದು ಹೆಜ್ಜೆ ಹಿಂದೆ ಸರಿಯಬೇಕು! ಮಗ ಮಗಳು ಸೇರಿ ದುಡ್ಡು ಹಾಕಿ ಅಪ್ಪ ಅಮ್ಮನನ್ನು ಅತಾಮಿ ಎಂಬ ಕಡಲ ತೀರದ ಬಿಸಿನೀರ ಬುಗ್ಗೆಯ ಊರಿಗೆ ಕಳಿಸುತ್ತಾರೆ. ಮನೆಯಲ್ಲಿಟ್ಟುಕೊಳ್ಳುವುದಕ್ಕಿಂತ ಅದೇ ಅಗ್ಗ ಎಂಬ ಲೆಕ್ಕ. ಆ ಹೋಟೆಲಿನಲ್ಲೋ ರಾತ್ರಿಯಿಡೀ ಆಟದವರ ಗದ್ದಲ, ಹಾಡಿನವರ ಗದ್ದಲ. ಇಬ್ಬರಿಗೂ ಕಣ್ಣು ಮುಚ್ಚಲಾಗುವುದಿಲ್ಲ. ಬೆಳಗ್ಗೆ ಸಮುದ್ರದ ಕಟ್ಟೆ ಮೇಲೆ ಪಕ್ಕಪಕ್ಕ ಕೂತು, ಇನ್ನು ಊರಿಗೆ ಹೋಗಿಬಿಡೋಣ ಎಂದುಕೊಳ್ಳುತ್ತಾರೆ.

ಅಲ್ಲಿ ನಾನು ಮೊಬೈಲ್ ನಿಲ್ಲಿಸಿದೆ.

ಮೂರು ವರ್ಷದ ಹಿಂದೆ ಅಪ್ಪ ಕಣ್ಣು ತೋರಿಸಲೆಂದು ಬೆಂಗಳೂರಿಗೆ ಬಂದಿದ್ದರು. ನನ್ನ ರೂಮಿನಲ್ಲಿ ನಾಲ್ಕು ಜನ. ಒಬ್ಬ ನಿರ್ಮಾಪಕರ ಸಂದರ್ಶನ ಬೇರೆ ಇತ್ತು. ಮೆಜೆಸ್ಟಿಕ್ಕಿನಲ್ಲಿ ಒಂದು ಲಾಡ್ಜ್ ಹಿಡಿದು, “ಆರಾಮಾಗಿರಪ್ಪ, ನಾಳೆ ಸಂಜೆ ಬರ್ತೀನಿ” ಅಂತ ಹೇಳಿ ಹೋದೆ. ನಾನೇ ದುಡ್ಡು ಕೊಟ್ಟೆ ಎಂಬ ಜಂಭ ಬೇರೆ. ಮರುದಿನ ಸಂಜೆ ಹೋದರೆ ಅಪ್ಪ ಇಲ್ಲ. ಪಕ್ಕದ ರೂಮಿನಲ್ಲಿ ರಾತ್ರಿಯೆಲ್ಲ ಇಸ್ಪೀಟು ಗಲಾಟೆ ಇತ್ತಂತೆ, ಬೆಳಗ್ಗೆ ಐದಕ್ಕೇ ಬ್ಯಾಗು ಹಿಡಿದು ಹೊರಟರಂತೆ. ಹೇಳಿದವನು ರೂಮ್ ಬಾಯ್. ಅಪ್ಪ ಫೋನಿನಲ್ಲಿ ಹೇಳಿದ್ದು ಇಷ್ಟೇ: “ಊರಲ್ಲಿ ನೀರು ಕಟ್ಟೋದಿತ್ತು ಕಣೋ. ಲಾಡ್ಜ್ ಚೆನ್ನಾಗಿತ್ತು.” ಕಣ್ಣು ತೋರಿಸಿದ್ದು ಆರು ತಿಂಗಳಾದ ಮೇಲೆ, ಅದೂ ಚಿಕ್ಕಪ್ಪನ ಜೊತೆ.

ಇಲ್ಲಿ ಸದ್ದೇ ಇಲ್ಲ. ಗೋಡೆಯಾಚೆ ಯಾರೋ ಒಮ್ಮೆ ಕೆಮ್ಮಿದರು. ಆಮೇಲೆ ಗೂಡ್ಸ್ ರೈಲೊಂದು ಊರಿನ ಉದ್ದಕ್ಕೂ ಹಾದುಹೋಯಿತು. ಗಂಟೆ ಹತ್ತೂವರೆ. ನಮ್ಮಲ್ಲಿ ಸಂಜೆ ಏಳು. ಫೋನ್ ಹಚ್ಚಿದೆ.

“ಏನೋ, ಎಲ್ಲಿದೀಯ?”

“ಸಮುದ್ರದ ಊರಲ್ಲಪ್ಪ. ಊಟ ಆಯ್ತಾ?”

“ಇನ್ನೂ ಇಲ್ಲ. ಅಲ್ಲೂ ಲಾಡ್ಜೇನಾ?”

“ಹೂಂ.”

“ಗಲಾಟೆ ಇದ್ಯಾ?”

ಗಂಟಲು ಕಟ್ಟಿತು. ಆ ರಾತ್ರಿಯ ಮಾತು ಎತ್ತಬೇಕು ಅಂತಲೇ ಫೋನ್ ಮಾಡಿದ್ದೆ. “ಇಲ್ಲಪ್ಪ. ಏನೂ ಗಲಾಟೆ ಇಲ್ಲ” ಅಂದೆ.

“ಹಂಗಾದ್ರೆ ಮಲಗು. ಅಲ್ಲಿ ಹೊತ್ತಾಗಿರಬೇಕು. ಫೋನಿಗೆ ದುಡ್ಡು ಸುರೀಬೇಡ” ಅಂತ ಇಟ್ಟುಬಿಟ್ಟರು.

ಮಿಕ್ಕ ಅರ್ಧ ಚಿತ್ರ ನೋಡಿ ಮುಗಿಸುವಾಗ ಒಂದು ಗಂಟೆ ದಾಟಿತ್ತು. ಮುದುಕಿ ಊರು ಸೇರಿದ ಮೇಲೆ ಸಾಯುತ್ತಾಳೆ. ಮಕ್ಕಳು ಓಡಿ ಬರುತ್ತಾರೆ, ಅಳುತ್ತಾರೆ, ರೈಲು ಹಿಡಿದು ವಾಪಸ್ ಹೋಗುತ್ತಾರೆ. ಈ ಸಲ ಟೀ ಕುಡಿಯಲು ಏಳಲಿಲ್ಲ.

ಹತ್ತು ಗಂಟೆಗೆ ರೂಮು ಖಾಲಿ ಮಾಡಬೇಕು. ಕೌಂಟರಿನಲ್ಲಿ ಅಜ್ಜ ಇರಲಿಲ್ಲ, ಪಾಳಿ ಮುಗಿದಿತ್ತು. ಬೀಗದ ಕೈ ಇಸಿದುಕೊಂಡ ಹುಡುಗಿ ಸೊಂಟ ಬಗ್ಗಿಸಿ ನಮಸ್ಕರಿಸಿದಳು. ಹೋಟೆಲಿನವರು ದಿನಕ್ಕೊಂದರಂತೆ ಇಟ್ಟಿದ್ದ ಹಲ್ಲುಜ್ಜುವ ಬ್ರಷ್ಷು, ಶೇವಿಂಗ್ ರೇಜರ್ ಎರಡೆರಡನ್ನೂ ಒಡೆಯದೆ ಬ್ಯಾಗಿಗೆ ಹಾಕಿಕೊಂಡಿದ್ದೆ. ಅಪ್ಪನಿಗೆ ಆಗುತ್ತವೆ. ಓಕಾಯಾಮಾ ಕಡೆಯ ರೈಲಿನಲ್ಲಿ ಗುಡ್ಡದ ಬದಿಯ ಕಿಟಕಿ ಸಿಕ್ಕಿತು. ಹೊರಟು ಎರಡು ನಿಮಿಷ ಆಗಿತ್ತೋ ಇಲ್ಲವೋ, ಜೋದೊಜಿಯ ಮೆಟ್ಟಿಲು ಬಂತು, ಹೋಯಿತು.