ಗಾಳಿಗೆ ಎದುರಾಗಿ ಒಂದೊಂದೇ ಹೆಜ್ಜೆ

ಸೊಂಟದವರೆಗೆ ಕೆಸರು. ಕಾಲಿಗೆ ತಳವೇ ಸಿಗುತ್ತಿಲ್ಲ. ಒಬ್ಬ ಮನುಷ್ಯ ಹೆಜ್ಜೆಯಿಟ್ಟರೆ ಸುತ್ತಲಿನ ಅರ್ಧ ಎಕರೆ ನೆಲ ಅಲುಗುವಂಥ ಜೌಗು. ಎದುರಿಗೆ ಎಲ್ಕ್ ಹಿಂಡೊಂದು ಆ ಕೆಸರನ್ನೇ ಸೀಳಿಕೊಂಡು ಓಡಿಹೋಗಿದೆ. ಹಿಂದೆ ಕ್ಯಾಪ್ಟನ್ ವಿಲಿಯಂ ಕ್ಲಾರ್ಕ್ ಮತ್ತು ಐವರು, ಕೋವಿಯನ್ನು ತಲೆಯ ಮೇಲೆ ಎತ್ತಿ ಹಿಡಿದು, ಏದುಸಿರು ಬಿಡುತ್ತ ಜಾಡು ಹಿಡಿದಿದ್ದಾರೆ. 1805ರ ಡಿಸೆಂಬರ್ 8. ಕೊಲಂಬಿಯಾ ನದಿ ಪೆಸಿಫಿಕ್ ಸಾಗರಕ್ಕೆ ಬೀಳುವ ದಕ್ಷಿಣ ದಂಡೆ, ಈಗಿನ ಆರಿಗನ್. ಮಳೆ ನಿಲ್ಲುವ ಲಕ್ಷಣವೇ ಇಲ್ಲ. ಕತ್ತಲಾದಾಗ ಒಂದು ಸಣ್ಣ ದಿಬ್ಬ ಸಿಕ್ಕಿತು. ಎಲ್ಕಿನ ತೊಗಲನ್ನೇ ಸೂರು ಮಾಡಿ, ಕೈಗೊಡಲಿಗೆ ಸಿಕ್ಕ ಕಡ್ಡಿ ಕಡಿದು ಬೆಂಕಿ ಹೊತ್ತಿಸಿ ರಾತ್ರಿ ಕಳೆದರು.

ಅಮೆರಿಕ ಖಂಡವನ್ನು ದಾಟಿ ಪೆಸಿಫಿಕ್ ಮುಟ್ಟಿದ ಲೂಯಿಸ್ ಮತ್ತು ಕ್ಲಾರ್ಕ್ ದಂಡಯಾತ್ರೆಯನ್ನು ನಾವು ಭೂಪಟ ಬರೆದವರ ಕತೆಯಾಗಿ ಓದಿದ್ದೇವೆ. ನನ್ನ ಮಟ್ಟಿಗೆ ಅದು ಈಡುಗಾರರ ಕತೆ. ಮೂವತ್ತಮೂರು ಜೀವಗಳು, ಅವುಗಳಲ್ಲಿ ಒಂದು, ತಂಡದ ಜೊತೆಗಿದ್ದ ಹೆಣ್ಣುಮಗಳು ಸಕಾಗವಿಯಳ ಹಸುಗೂಸು. ಅದೇ ಸೆಪ್ಟೆಂಬರಿನಲ್ಲಿ ಬಿಟರ್‌ರೂಟ್ ಪರ್ವತ ದಾಟುವಾಗ ಬೇಟೆ ಸಿಗದೆ ಕುದುರೆಮರಿಗಳನ್ನು ಕೊಂದು ತಿಂದಿದ್ದವರು ಇವರು. ನವೆಂಬರಿನಲ್ಲಿ ಚಳಿಗಾಲ ಎಲ್ಲಿ ಕಳೆಯುವುದೆಂದು ಎಲ್ಲರ ಅಭಿಪ್ರಾಯ ಕೇಳಿದಾಗ ದಕ್ಷಿಣ ದಂಡೆಯ ಕಡೆಗೆ ತಕ್ಕಡಿ ವಾಲಲು ಮುಖ್ಯ ಕಾರಣ, ಅಲ್ಲಿ ಎಲ್ಕ್ ಹೆಚ್ಚೆಂದು ಸ್ಥಳೀಯರು ಹೇಳಿದ್ದು. ಎಲ್ಕ್ ನಮ್ಮ ಕಡವೆಯ ಬಳಗದ್ದೇ, ಆದರೆ ಅದಕ್ಕಿಂತ ಬಹಳ ದೊಡ್ಡದು. ಆ ಕರಾವಳಿಯ ಬಲಿತ ಗಂಡು 400 ಕೆಜಿ ಮೀರುವುದುಂಟು. ಒಂದು ಬಿದ್ದರೆ ಮಾಂಸ, ತೊಗಲು, ದೀಪಕ್ಕೆ ಕೊಬ್ಬು ಎಲ್ಲ ಬಂತು. ಡಿಸೆಂಬರ್ ಆರಂಭದಲ್ಲಿ ಪರ್ವತದ ಈಚೆಗಿನ ಮೊದಲ ಎಲ್ಕ್ ಸಿಕ್ಕಾಗ ಸಕಾಗವಿಯ ಅದರ ಕಾಲಿನ ಮೂಳೆಗಳನ್ನು ಚೂರುಚೂರು ಕಡಿದು, ಕುದಿಸಿ, ಸುಮಾರು ಅರ್ಧ ಲೀಟರ್ ಕೊಬ್ಬು ತೆಗೆದಳು. ಮಜ್ಜೆ ತಿಂದು ಮುಗಿಸಿದ ಮೇಲೂ ಆ ಮೂಳೆಯನ್ನು ಎಸೆಯಲಿಲ್ಲ. ಹಸಿವು ಯಾವ ಮಟ್ಟದ್ದೆಂದು ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಜೌಗಿನಲ್ಲಿ ಹಿಂಡನ್ನು ಅಟ್ಟಿಕೊಂಡು ಹೋಗಿ ಫಲವಿಲ್ಲವೆಂದು ಒಂದೇ ದಿನದಲ್ಲಿ ಗೊತ್ತಾಯಿತು. ಮರುದಿನ ಕ್ಲಾರ್ಕ್ ಆ ಹಿಂಡಿನ ಹಿಂದೆ ಇಬ್ಬರನ್ನಷ್ಟೇ ಕಳಿಸಿದ: ಜಾರ್ಜ್ ಡ್ರೂಯರ್ ಮತ್ತು ಜಾರ್ಜ್ ಶ್ಯಾನನ್. ಡಿಸೆಂಬರ್ 13ಕ್ಕೆ ಇಬ್ಬರೂ ವಾಪಸು ಬಂದಾಗ 18 ಎಲ್ಕ್ ಬಿದ್ದಿದ್ದವು.

ಡ್ರೂಯರನ ತಂದೆ ಫ್ರೆಂಚ್ ಕೆನಡಾದವನು, ತಾಯಿ ಶಾನಿ ಬುಡಕಟ್ಟಿನವಳು. ದುಭಾಷಿಯೆಂದು ಸೇರಿಸಿಕೊಂಡವನು ತಂಡದ ಅನ್ನದಾತನಾದ. 1806ರ ಜನವರಿ 12ರಂದು ಅವನೊಬ್ಬನೇ ಏಳು ಎಲ್ಕ್ ಹೊಡೆದ. ಈತನಿಲ್ಲದಿದ್ದರೆ ನಾವು ಬದುಕುವುದು ಹೇಗೆಂದೇ ತಿಳಿಯದು ಎಂಬರ್ಥದ ಮಾತನ್ನು ಮೆರಿವೆದರ್ ಲೂಯಿಸ್ ಅಂದು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ.

ಅವನ ಕೈಯಲ್ಲಿದ್ದದ್ದು ಚಕಮಕಿ ಕಲ್ಲಿನ ಕೋವಿ. ಒಂದು ಈಡು, ಅಷ್ಟೇ. ಮತ್ತೆ ಮದ್ದು ಸುರಿದು, ಬಟ್ಟೆ ಸುತ್ತಿದ ಗುಂಡನ್ನು ಗಜದಿಂದ ಗಿಡಿದು, ಕಿವಿಗೆ ಪುಡಿಮದ್ದು ಹಾಕಬೇಕು. ಆ ಪುಡಿಮದ್ದಿಗೆ ಒಂದು ಹನಿ ನೀರು ತಾಗಿದರೆ ಕಿಡಿ ಹಾರಿದರೂ ಕೋವಿ ಹಾರುವುದಿಲ್ಲ. ಅದೂ ಎಂಥ ಊರಿನಲ್ಲಿ! ಅಲ್ಲಿ ಚಳಿಗಾಲ ಕಳೆದ ನೂರಕ್ಕೂ ಹೆಚ್ಚು ದಿನಗಳಲ್ಲಿ ಮಳೆ ಬಾರದಿದ್ದದ್ದು 12 ದಿನ ಮಾತ್ರ. ಇಂಥ ಕೋವಿಯಿಂದ ಒಂದೇ ದಿನ ಏಳು ಬೀಳಿಸಬೇಕಾದರೆ ಗುರಿಯೊಂದೇ ಸಾಲದು. ಪ್ರಾಣಿಗೆ ತಿಳಿಯದಂತೆ ಅದರ ಹತ್ತಿರಕ್ಕೆ ಹೋಗಬೇಕು.

ಮಲೆನಾಡಿನ ಹಳಬರಿಗೆ ಮರಸು ಕೂರುವ ಬೇಟೆ ಗೊತ್ತು, ಸೋವಿನ ಬೇಟೆ ಗೊತ್ತು. ಇದು ಎರಡೂ ಅಲ್ಲ. ಒಬ್ಬನೇ, ನೆಲದ ಮೇಲೆ, ಎಲ್ಕ್ ಮಲಗಿರುವ ಕಾಡಿನೊಳಕ್ಕೇ ನಡೆದು ಹೋಗುವುದು. ನಡಿಗೆ ಎನ್ನುವುದಕ್ಕಿಂತ ನಿಲ್ಲುವುದೇ ಹೆಚ್ಚು. ಎರಡು ಹೆಜ್ಜೆ, ಆಮೇಲೆ ಮರದ ಬೊಡ್ಡೆಗೆ ಒತ್ತಿ ನಿಂತು ಕಣ್ಣು ಹಾಯಿಸುವುದು. ಮತ್ತೆರಡು ಹೆಜ್ಜೆ. ಮೊದಲಿಗೆ ಗಾಳಿ. ಎಲ್ಕ್ ತನ್ನ ಕಣ್ಣನ್ನಾದರೂ ಅನುಮಾನಿಸೀತು, ಮೂಗನ್ನಲ್ಲ. ಮನುಷ್ಯನ ವಾಸನೆಯ ಒಂದು ಎಳೆ ಬಂದರೂ ಹಿಂಡಿಗೆ ಹಿಂಡೇ ಎದ್ದು ಇನ್ನೊಂದು ಕಣಿವೆ ಸೇರುತ್ತದೆ. ಬೆಟ್ಟದ ಕಾಡಿನಲ್ಲಿ ಬೆಳಗಿನ ಜಾವ ತಣ್ಣಗಿನ ಗಾಳಿ ಇಳಿಜಾರಿಗೆ ಹರಿಯುತ್ತದೆ, ಬಿಸಿಲೇರಿದಂತೆ ಮೇಲಕ್ಕೆ ತಿರುಗುತ್ತದೆ. ಆ ತಿರುಗುವ ಹೊತ್ತಿನಲ್ಲೇ ಹೆಚ್ಚಿನ ಬೇಟೆ ಕೆಡುವುದು. ಬಲ್ಲವನು ಆಗ ಹೆಜ್ಜೆ ಕೀಳುವುದಿಲ್ಲ. ಗಾಳಿ ಒಂದು ಕಡೆಗೆ ನಿಲ್ಲಲಿ ಎಂದು ಕಾಯುತ್ತಾನೆ.

ಆಮೇಲೆ ಕಣ್ಣು. ಕಾಡಿನಲ್ಲಿ ಇಡೀ ಎಲ್ಕ್ ಕಾಣುವುದು ಅಪರೂಪ. ಕಾಂಡಗಳೆಲ್ಲ ನೆಟ್ಟಗಿರುವಲ್ಲಿ ಒಂದು ಅಡ್ಡಗೆರೆ ಕಂಡರೆ ಅದು ಬೆನ್ನಿರಬಹುದು. ಜರಿಗಿಡದ ಸಂದಿಯಲ್ಲಿ ಕಿವಿಯೊಂದು ನೊಣ ಓಡಿಸಬಹುದು. ಪೃಷ್ಠದ ತೆಳುಹಳದಿ, ಕತ್ತಿನ ಕಪ್ಪುಗೂದಲು, ಮೊಣಕಾಲಿನ ಮಡಿಕೆ: ಚೂರುಗಳನ್ನು ಹುಡುಕಿ ಮನಸ್ಸಿನಲ್ಲಿ ಕೂಡಿಸಬೇಕು. ಒಂದು ಕಂಡಿತೆಂದರೆ ಹತ್ತು ಕಾಣದೆ ಉಳಿದಿವೆ ಎಂದೇ ಲೆಕ್ಕ; ಕಾಣದ ಹೆಣ್ಣೊಂದು ಬೊಗಳಿದಂಥ ದನಿ ತೆಗೆದರೆ ಎಲ್ಲ ಮುಗಿಯಿತು. ಈಡು ಹಾರಿದ ಮೇಲೂ ಅಲುಗಬಾರದು. ಸದ್ದು ಯಾವ ಕಡೆಯಿಂದ ಬಂತೆಂದು ಹಿಂಡಿಗೆ ತಕ್ಷಣ ಗೊತ್ತಾಗದಿರುವುದುಂಟು. ಗೊಂದಲದಲ್ಲಿ ನಿಂತಲ್ಲೇ ನಿಲ್ಲುತ್ತವೆ. ಡ್ರೂಯರ್ ಮತ್ತೆ ಮತ್ತೆ ಮದ್ದು ತುಂಬಿದ್ದು ಇಂಥ ನಿಮಿಷಗಳಲ್ಲೇ ಇರಬೇಕು.

ಆ ನೆಲದ ಕ್ಲಾಟ್ಸಪ್ ಜನ ಇದನ್ನೆಲ್ಲ ಎಂದೋ ಅರೆದು ಕುಡಿದಿದ್ದರು. ಎಲ್ಕ್ ಓಡಾಡುವ ದಾರಿಗೆ ಅಡ್ಡ ಬಿದ್ದ ದೊಡ್ಡ ಮರದ ಮಗ್ಗುಲಲ್ಲೇ 12-14 ಅಡಿ ಆಳದ ಗುಂಡಿ ತೋಡಿ, ಮೇಲೆ ಸಣ್ಣ ಕೊಂಬೆ, ಪಾಚಿ ಹರವುತ್ತಿದ್ದರು. ಮರ ಹಾರಿದ ಎಲ್ಕ್ ನೇರ ಗುಂಡಿಗೆ. ಬಿಲ್ಲಿನಿಂದಲೂ ಹೊಡೆಯುತ್ತಿದ್ದರು. ತಂಡದವರು ಸುಲಿದ ಹಲವು ಎಲ್ಕ್‌ಗಳ ಮೈಯಲ್ಲಿ ಹಳೆಯ ಬಾಣದ ತುಂಡುಗಳು ಸಿಕ್ಕವು, ಸುತ್ತ ಮಾಂಸ ಬೆಳೆದು ಮುಚ್ಚಿಕೊಂಡಿತ್ತು. ಬಾಣ ಹೊತ್ತುಕೊಂಡೇ ವರ್ಷ ಕಳೆಯುವ ಪ್ರಾಣಿ ಅದು!

ಹೊಡೆದರಾಯಿತೇ? ಹೊತ್ತು ತರಬೇಕು. ಡಿಸೆಂಬರ್ 15ರಂದು, ಡ್ರೂಯರ್ ಮತ್ತು ಶ್ಯಾನನ್ ಹೊಡೆದಿದ್ದ ಎಲ್ಕ್‌ಗಳ ಮಾಂಸ ತರಲು ಹೋದವರಲ್ಲಿ ಐವರು ಕಾಡಿನಲ್ಲಿ ದಾರಿ ತಪ್ಪಿ, ಬೆಂಕಿಯಿಲ್ಲದೆ ಇಡೀ ರಾತ್ರಿ ಮಳೆಯಲ್ಲಿ ನೆನೆದರು. ಮರುದಿನ ಬಿರುಗಾಳಿಗೆ ಸುತ್ತಲೂ ಮರಗಳು ಉರುಳುತ್ತಿದ್ದವು. ತಂದ ಮಾಂಸವೂ ಆ ಬೆಚ್ಚನೆಯ ತೇವದಲ್ಲಿ ಹೊಗೆಗಿಟ್ಟರೂ ಕೆಡುತ್ತಿತ್ತು. ಕ್ರಿಸ್‌ಮಸ್ ಊಟಕ್ಕೆ ಹಳಸಿದ ಎಲ್ಕ್ ಮಾಂಸ, ಹಳಸಿದ ಮೀನುಪುಡಿ, ನಾಲ್ಕು ಗೆಡ್ಡೆ. ಹೀಗೆಯೇ ಮಾರ್ಚ್ ಬಂತು. ಲೆಕ್ಕ ಹಾಕಿದರೆ 131 ಎಲ್ಕ್, ಅವುಗಳ ತೊಗಲಿನಿಂದ ಮುನ್ನೂರಕ್ಕೂ ಹೆಚ್ಚು ಜೊತೆ ಪಾದರಕ್ಷೆ. ಎಲ್ಕ್ ಬೆಟ್ಟದ ಕಡೆಗೆ ಸರಿದವು, ತಂಡ ಮನೆಯ ಕಡೆಗೆ ಹೊರಟಿತು.

ಆದರೆ ಈ ಬೇಟೆಯ ಅತಿ ಭಯಂಕರ ಗಳಿಗೆ ಇನ್ನೂ ಬಾಕಿಯಿತ್ತು. 1806ರ ಆಗಸ್ಟ್ 11. ಮಿಸೌರಿ ನದಿ, ಈಗಿನ ಉತ್ತರ ಡಕೋಟ. ದಂಡೆಯ ದಟ್ಟ ವಿಲೋ ಪೊದೆಯಲ್ಲಿ ಎಲ್ಕ್ ಕಂಡವು. ಲೂಯಿಸ್ ಇಳಿದ, ಜೊತೆಗೆ ಪಿಯರ್ ಕ್ರುಜಾಟ್. ಕ್ರುಜಾಟ್ ಪಳಗಿದ ಅಂಬಿಗ, ಪಿಟೀಲು ನುಡಿಸಿ ತಂಡವನ್ನು ನಗಿಸಿದವನು. ಒಂದು ಕಣ್ಣಿಲ್ಲ, ಇನ್ನೊಂದಕ್ಕೆ ದೂರದ್ದು ಕಾಣದು. ಲೂಯಿಸ್ ಒಂದನ್ನು ಬೀಳಿಸಿದ, ಕ್ರುಜಾಟ್ ಇನ್ನೊಂದಕ್ಕೆ ಗಾಯ ಮಾಡಿದ. ಮತ್ತೆ ಮದ್ದು ತುಂಬಿ ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಪೊದೆ ಹೊಕ್ಕರು. ಗಾಯಗೊಂಡ ಪ್ರಾಣಿಯ ಹಿಂದೆ ಅವಸರದಲ್ಲಿ ನುಗ್ಗುವುದು, ಎದುರಿಗೆ ಕಂದುಬಣ್ಣದ್ದೇನೋ ಸರಿದಾಡುವುದು. ಡ್ರೂಯರನಂಥವನು ಚೂರುಗಳನ್ನು ಕೂಡಿಸುತ್ತ ನಿಲ್ಲುವ ಗಳಿಗೆ ಅದೇ.

ಲೂಯಿಸ್ ಎಲ್ಕ್ ಒಂದಕ್ಕೆ ಗುರಿಯಿಡುತ್ತಿದ್ದ. ಢಂ! ಗುಂಡು ಎಡಗಡೆ ಸೊಂಟದ ಕೀಲಿನ ಕೆಳಗೆ ಹೊಕ್ಕು, ಮಾಂಸಖಂಡ ತೂರಿ, ಬಲಗಡೆಯನ್ನೂ ಸೀಳಿತು. ಮೈಮೇಲೆ ಕಂದು ತೊಗಲಿನ ಉಡುಪು. ಕ್ರುಜಾಟನೇ ಎಲ್ಕ್ ಎಂದು ಹೊಡೆದನೆಂದು ಲೂಯಿಸ್‌ಗೆ ಮೊದಲು ಹೊಳೆಯಿತು. ಕೂಗಿದ. ಉತ್ತರವಿಲ್ಲ. ಮತ್ತೆ ಕೂಗಿದ. ಇಲ್ಲ. ಹಾಗಾದರೆ? ಎರಡು ವಾರದ ಹಿಂದಷ್ಟೇ ಬ್ಲ್ಯಾಕ್‌ಫೀಟ್ ಜನರೊಂದಿಗೆ ಕಾದಾಟವಾಗಿ ಅವರಲ್ಲಿ ಇಬ್ಬರು ಸತ್ತಿದ್ದರು. ರಕ್ತ ಸುರಿಸುತ್ತಲೇ ದೋಣಿಯ ಕಡೆ ಓಡಿ ಆಯುಧ ಹಿಡಿಯಿರೆಂದು ಕೂಗಿದ. ಕ್ರುಜಾಟನನ್ನು ಉಳಿಸಬೇಕೆಂದು ಜನರನ್ನು ಕರೆದುಕೊಂಡು ತಿರುಗಿ ಹೊರಟ. ನೂರು ಹೆಜ್ಜೆಗೆ ಕಾಲು ಸೋತಿತು. ಅವರನ್ನು ಮುಂದೆ ಕಳಿಸಿ, ಹೇಗೋ ದೋಣಿಗೆ ಮರಳಿ, ಪಿಸ್ತೂಲು, ರೈಫಲ್, ಗಾಳಿಕೋವಿ ಮೂರನ್ನೂ ಪಕ್ಕಕ್ಕಿಟ್ಟುಕೊಂಡ. ಹಿಂದಕ್ಕೆ ಹೋಗುವ ದಾರಿಯಿಲ್ಲ. ಜೀವವನ್ನು ಅಗ್ಗಕ್ಕೆ ಕೊಡುವುದಿಲ್ಲವೆಂದು ನಿಶ್ಚಯಿಸಿ ಕಾದ. ಇಪ್ಪತ್ತು ನಿಮಿಷ.

ಪೊದೆಯಿಂದ ಹೊರಬಂದದ್ದು ತನ್ನದೇ ಜನ, ಜೊತೆಯಲ್ಲಿ ಕ್ರುಜಾಟ್. ಶತ್ರುಗಳ ಸುಳಿವೇ ಇಲ್ಲ. ತಾನು ಹೊಡೆದದ್ದು ಎಲ್ಕಿಗೇ ಎಂದು ಅವನು ಸಾಧಿಸಿದ. ಲೂಯಿಸನ ಚಲ್ಲಣದಲ್ಲಿ ಸಿಕ್ಕಿಕೊಂಡಿದ್ದ ಗುಂಡು ಬೇರೆ ಹೇಳಿತು. ಅದು ಕ್ರುಜಾಟನ ಬಳಿಯಿದ್ದಂಥ ಗಿಡ್ಡ ರೈಫಲಿನದು. ಬೇಕೆಂದು ಹೊಡೆದನೆಂದು ಲೂಯಿಸ್ ಎಂದೂ ಅನ್ನಲಿಲ್ಲ. ಸಾರ್ಜೆಂಟ್ ಗ್ಯಾಸ್ ನೆರವಿನಿಂದ ತಾನೇ ಗಾಯಕ್ಕೆ ಬಟ್ಟೆಯ ಬತ್ತಿ ತುರುಕಿ ಕಟ್ಟಿಕೊಂಡ. ಮೂಳೆ ಉಳಿದಿತ್ತು, ರಕ್ತನಾಳ ಉಳಿದಿತ್ತು. ಆಮೇಲೆ, ಹೊಡೆದಿದ್ದ ಎರಡು ಎಲ್ಕ್‌ಗಳನ್ನು ಸುಲಿದು ತರಲು ಜನರನ್ನು ಕಳಿಸಿದ. ಕೆಲವೇ ನಿಮಿಷಗಳಲ್ಲಿ ಮಾಂಸ ನದಿಗೆ ಬಂತು, ದೋಣಿಗಳು ಹೊರಟವು.