ಉಪಪ್ರಶ್ನೆ

ಲೆಕ್ಕ ಕೇಳುವುದು ನಮ್ಮ ಸಂಸಾರಗಳಲ್ಲಿ ಹಿತವಾದ ಕೆಲಸವೆನಿಸಿಕೊಂಡಿಲ್ಲ. ‘ನನ್ನನ್ನೇ ಲೆಕ್ಕ ಕೇಳಿದನಲ್ಲ!’ ಎಂದು ಒಬ್ಬ ಹಿರಿಯರು ಹೇಳಿದರೆಂದರೆ ಅವರ ಮನಸ್ಸು ನೊಂದಿದೆಯೆಂದೇ ಅರ್ಥ. ಅವಿಭಕ್ತ ಕುಟುಂಬಗಳಲ್ಲಿ ಪಾಲಿನ ಮಾತು ಹುಟ್ಟುತ್ತಿದ್ದುದೂ ಅನೇಕ ವೇಳೆ ಇಂಥ ಒಂದು ಪ್ರಶ್ನೆಯಿಂದಲೇ. ಆದರೂ ಲೆಕ್ಕವನ್ನೇ ಕೇಳದ ಮನೆ ಬಹುಕಾಲ ಒಂದಾಗಿ ನಿಂತುದನ್ನು ನಾನು ಕಂಡಿಲ್ಲ. ಕೇಳುವುದರಲ್ಲಿಯೂ ಒಂದು ಕ್ರಮವುಂಟು. ‘ಈ ತಿಂಗಳು ದಿನಸಿಗೆ ಎಷ್ಟಾಯಿತು?’ ಎಂದರೆ ‘ಸ್ವಲ್ಪ ಹೆಚ್ಚಾಯಿತು’ ಎಂಬ ಉತ್ತರ ಯಾವಾಗಲೂ ಸಿದ್ಧವಾಗಿರುತ್ತದೆ. ‘ಸ್ವಲ್ಪವೆಂದರೆ ಎಷ್ಟು?’ ಎಂಬಲ್ಲಿಂದ ನಿಜವಾದ ಲೆಕ್ಕ ಮೊದಲು. ಶಾಸನಸಭೆಗಳಲ್ಲಿ ಈ ಎರಡನೆಯ ಪ್ರಶ್ನೆಗೆ ಉಪಪ್ರಶ್ನೆಯೆಂದು ಹೆಸರು. ಅದನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂಬುದು ಬಹಳ ದಿನಗಳಿಂದ ನನ್ನ ಮನಸ್ಸಿನಲ್ಲಿದೆ.

ಮೊದಲನೆಯ ಪ್ರಶ್ನೆಯನ್ನು ಕೇಳುವ ಹಕ್ಕೇ ನಮ್ಮ ದೇಶದವರಿಗೆ ತಡವಾಗಿ ಬಂದದ್ದು. 1861ರ ಶಾಸನದ ಮೇರೆಗೆ ಏರ್ಪಟ್ಟ ಗವರ್ನರ್ ಜನರಲ್ಲರ ಸಭೆಯಲ್ಲಿ ಸದಸ್ಯರು ತಮ್ಮ ಮುಂದಿಟ್ಟ ಮಸೂದೆಯ ವಿಚಾರ ಮಾತನಾಡಬಹುದಾಗಿತ್ತೇ ಹೊರತು ಆಡಳಿತದ ವಿಚಾರ ತುಟಿ ಬಿಚ್ಚುವಂತಿರಲಿಲ್ಲ. 1892ರ ಶಾಸನವು ಆ ಬಾಗಿಲನ್ನು ಒಂದು ಗೇಣು ತೆರೆಯಿತು. 1893ನೆಯ ಇಸವಿ ಫೆಬ್ರವರಿ 16ರಂದು ಔಧ್ ಪ್ರಾಂತದ ಭಿಂಗಾದ ರಾಜರು ಎದ್ದು ಮೊತ್ತಮೊದಲ ಪ್ರಶ್ನೆಯನ್ನು ಕೇಳಿದರು. ರಾಜರೊಬ್ಬರು ಕೇಳಿದ ಪ್ರಶ್ನೆಯೆಂದರೆ ಸೈನ್ಯದ್ದೋ ಗಡಿಯದೋ ಇರಬೇಕೆಂದು ವಾಚಕರು ಊಹಿಸಿದರೆ ಆಶ್ಚರ್ಯವಿಲ್ಲ. ಅದು ಹಳ್ಳಿಯ ಅಂಗಡಿಯವನ ಕಷ್ಟವನ್ನು ಕುರಿತದ್ದು! ಅಧಿಕಾರಿಗಳ ಸವಾರಿ ಸರ್ಕೀಟು ಹೊರಟಿತೆಂದರೆ ಅವರ ಮೊಕ್ಕಾಮಿಗೆ ಬೇಕಾದ ಸಾಮಾನುಗಳನ್ನು ಹಳ್ಳಿಯ ವರ್ತಕರು ಒದಗಿಸಬೇಕಾಗಿದ್ದಿತು. ಆ ಪದ್ಧತಿಯಿಂದ ಅವರಿಗಾಗುತ್ತಿದ್ದ ತೊಂದರೆಯೇ ಪ್ರಶ್ನೆಯ ವಿಷಯ. ಇಷ್ಟು ಚಿಕ್ಕ ವಿಷಯದಿಂದ ಆರಂಭವಾದದ್ದು ಒಳ್ಳೆಯ ಶಕುನವೆಂದೇ ನನ್ನ ಭಾವನೆ. ಆದರೆ ಸರ್ಕಾರದವರು ಏನು ಉತ್ತರ ಕೊಟ್ಟರೂ ಅದನ್ನು ಕೇಳಿಕೊಂಡು ರಾಜರು ಕುಳಿತುಕೊಳ್ಳಬೇಕಾಗಿತ್ತು. ಉತ್ತರದ ಮೇಲೆ ಮತ್ತೊಂದು ಪ್ರಶ್ನೆ ಕೇಳಲು ನಿಯಮವಿರಲಿಲ್ಲ.

ಆ ಸಭೆಯಲ್ಲಿಯೇ 1902ರ ಮಾರ್ಚ್ 26ರಂದು ಗೋಪಾಲಕೃಷ್ಣ ಗೋಖಲೆಯವರು ತಮ್ಮ ಮೊದಲನೆಯ ಆಯವ್ಯಯ ಭಾಷಣವನ್ನು ಮಾಡಿದರು. ವೈಸರಾಯ್ ಕರ್ಜನ್ನರ ಸರ್ಕಾರವು ಬೊಕ್ಕಸದಲ್ಲಿ ಹಣ ಮಿಕ್ಕಿದೆಯೆಂದು ಹಿಗ್ಗುತ್ತಿದ್ದ ಕಾಲವದು. ಜನರು ಕ್ಷಾಮದಿಂದ ಬಳಲಿರುವಾಗ ಬೊಕ್ಕಸದಲ್ಲಿ ಹಣ ಮಿಗುವುದೆಂದರೆ ತೆರಿಗೆ ಹೆಚ್ಚಾಗಿದೆಯೆಂದೇ ಅರ್ಥವಲ್ಲವೆ ಎಂದು ಗೋಖಲೆಯವರು ಸರ್ಕಾರದ ಅಂಕಿಗಳಿಂದಲೇ ತೋರಿಸಿಕೊಟ್ಟರು. ಉಪ್ಪಿನ ಮೇಲಣ ಸುಂಕವನ್ನು ಇಳಿಸಬೇಕೆಂದು ವಾದಿಸಿದರು. ಆಗ ಮಣವೊಂದಕ್ಕೆ ಎರಡೂವರೆ ರೂಪಾಯಿ ಸುಂಕವಿತ್ತು. ಅವರಿಗೆ ಮತ ಹಾಕುವ ಅಧಿಕಾರವೇ ಇರಲಿಲ್ಲ. ಆದರೂ 1903ರಲ್ಲಿ ಅದು ಎರಡು ರೂಪಾಯಿಗೂ, 1905ರಲ್ಲಿ ಒಂದೂವರೆಗೂ, 1907ರಲ್ಲಿ ಒಂದು ರೂಪಾಯಿಗೂ ಇಳಿಯಿತು. ಇದೆಲ್ಲ ಗೋಖಲೆಯವರೊಬ್ಬರ ಮಾತಿನಿಂದಲೇ ಆಯಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ವರ್ಷಕ್ಕೊಮ್ಮೆ ಎದ್ದು ಬಿಡದೆ ಅದನ್ನೇ ಕೇಳುವವರೊಬ್ಬರು ಎದುರಿಗಿದ್ದರೆಂಬುದನ್ನು ಮರೆಯುವಂತಿಲ್ಲ. ಮುಂದೆ 1909ರ ಸುಧಾರಣೆಯಲ್ಲಿ, ಪ್ರಶ್ನೆ ಕೇಳಿದವರೇ ಒಂದು ಉಪಪ್ರಶ್ನೆಯನ್ನು ಹಾಕಬಹುದೆಂದಾಯಿತು. 1919ರ ಸುಧಾರಣೆಯ ತರುವಾಯ ಉಳಿದ ಸದಸ್ಯರೂ ಕೇಳಬಹುದೆಂದಾಯಿತು.

ನಮ್ಮ ಮೈಸೂರಿನಲ್ಲಿ ಕಥೆ ಸ್ವಲ್ಪ ಬೇರೆಯಾಗಿತ್ತು. ಇಲ್ಲಿ ಪ್ರಜೆಗಳು ಕೇಳುವುದಕ್ಕೆ ಮೊದಲೇ ಸರ್ಕಾರ ಹೇಳುವುದಕ್ಕೆ ಆರಂಭಿಸಿತು. 1876ರಿಂದ 78ರವರೆಗಿನ ಘೋರ ಕ್ಷಾಮದ ದೆಸೆಯಿಂದ ಸಂಸ್ಥಾನವು 80 ಲಕ್ಷ ರೂಪಾಯಿಗಳ ಸಾಲವನ್ನು ಹೊತ್ತು ಕುಳಿತಿದ್ದಾಗ, ದಿವಾನ್ ರಂಗಾಚಾರ್ಲುಗಳು 1881ರ ಅಕ್ಟೋಬರ್ 7ರಂದು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿ, ಊರೂರುಗಳಿಂದ ಬಂದಿದ್ದ 144 ಮಂದಿ ಜಮೀನುದಾರರು ಮತ್ತು ವರ್ತಕರ ಮುಂದೆ ಸಂಸ್ಥಾನದ ಹಣಕಾಸಿನ ಸ್ಥಿತಿಯನ್ನು ವಿವರಿಸಿದರು. ಸಾಲದಲ್ಲಿರುವ ಯಜಮಾನನು ಮನೆಯವರನ್ನೆಲ್ಲ ಕೂಡಿಸಿ ಪೆಟ್ಟಿಗೆಯನ್ನು ತೆರೆದು ತೋರಿಸಿದಂತೆ ಇದು. ಅಂಥ ಯಜಮಾನರು ವಿರಳ. ಆದರೆ ತೋರಿಸುವುದು ಯಜಮಾನನ ಔದಾರ್ಯವಾಗಿಯೇ ಉಳಿದರೆ ಮುಂದಿನ ಯಜಮಾನನು ಪೆಟ್ಟಿಗೆಯನ್ನು ಮುಚ್ಚಿಡಬಹುದಷ್ಟೆ. ಬಂದವರ ಅರಿಕೆಗಳನ್ನು ಕೇಳುವ ವಾಡಿಕೆ ಬಹುಕಾಲ ನಡೆಯಿತು; ಪ್ರಶ್ನೆ ಕೇಳುವುದೂ ಆಯವ್ಯಯವನ್ನು ಚರ್ಚಿಸುವುದೂ ಶಾಸನಬದ್ಧವಾದ ಹಕ್ಕುಗಳಾದದ್ದು 1923ರಲ್ಲಿ.

ಈಗಿನ ಕಾಲಕ್ಕೆ ಬರೋಣ. ನನ್ನ ಅಕ್ಕ ಮಲೆನಾಡಿನ ಒಂದು ಹಳ್ಳಿಯಲ್ಲಿದ್ದಾಳೆ. ಎಪ್ಪತ್ತು ದಾಟಿದ ವಯಸ್ಸು. ಅವರ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಳ್ಳೆಯ ಕಟ್ಟಡವಿದೆ, ಮುಂದೆ ಹೂವಿನ ಗಿಡಗಳಿವೆ, ವೈದ್ಯರಿಲ್ಲ. ಎರಡು ವರ್ಷದ ಕೆಳಗೆ ಅವರ ತೋಟದಲ್ಲಿ ಅಡಿಕೆ ಹೆಕ್ಕುತ್ತಿದ್ದ ಆಳಿಗೆ ಹಾವು ಕಚ್ಚಿತು. ಅವನನ್ನು ಜೀಪಿನಲ್ಲಿ ಮಲಗಿಸಿಕೊಂಡು, ಹೂವಿನ ಗಿಡಗಳ ಮುಂದೆಯೇ ಹಾದು, ಘಟ್ಟದ ರಸ್ತೆಯಲ್ಲಿ ತಾಲ್ಲೂಕು ಆಸ್ಪತ್ರೆಯವರೆಗೆ ಹೋಗಬೇಕಾಯಿತು. ದೈವಕೃಪೆಯಿಂದ ಬದುಕಿಕೊಂಡ. ಅಂದಿನಿಂದ ಅಕ್ಕನಿಗೆ ಅದೊಂದೇ ಹಂಬಲ. ಕಡೆಗೆ ಆ ಕ್ಷೇತ್ರದ ಶಾಸಕರು ವಿಧಾನಸಭೆಯಲ್ಲಿ ಪ್ರಶ್ನೆ ಹಾಕಿದರು.

ನಮ್ಮ ವಿಧಾನಸಭೆಯ ಪ್ರಶ್ನೋತ್ತರಗಳ ಕನ್ನಡವು ಒಂದು ವಿಶಿಷ್ಟವಾದ ಕನ್ನಡ. ಅವು ಈಗ ಜಾಲತಾಣದಲ್ಲಿಯೂ ದೊರೆಯುತ್ತವೆ. ಬಿಡುವಾದಾಗ ಓದುವುದು ನನಗೊಂದು ಚಟವೇ ಆಗಿದೆ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ‘ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಎಡಗಡೆಯಲ್ಲಿದ್ದರೆ ‘ಬಂದಿದೆ’ ಎಂದು ಬಲಗಡೆ. ‘ಬಂದಿಲ್ಲದಿದ್ದಲ್ಲಿ ಕಾರಣವೇನು?’ ಎಂಬುದಕ್ಕೆ ‘ಉದ್ಭವಿಸುವುದಿಲ್ಲ’. ಈ ‘ಉದ್ಭವಿಸುವುದಿಲ್ಲ’ ಎಂಬ ಪದವನ್ನು ಕಂಡುಹಿಡಿದ ಗುಮಾಸ್ತರು ಯಾರೋ, ಅವರಿಗೆ ನಮಸ್ಕಾರ. ನಮ್ಮ ಅಕ್ಕನ ಊರಿನ ಪ್ರಶ್ನೆಗೂ ಇದೇ ಧಾಟಿಯಲ್ಲಿ ಉತ್ತರ ಬಂತು. ವೈದ್ಯರ ಹುದ್ದೆ ಖಾಲಿ ಇರುವುದು ಗಮನಕ್ಕೆ ಬಂದಿದೆ. ಸಾರ್ವಜನಿಕರಿಗೆ ತೊಂದರೆಯಾಗದಂತೆ ಪಕ್ಕದ ಕೇಂದ್ರದ ವೈದ್ಯರನ್ನು ನಿಯೋಜಿಸಲಾಗಿದೆ. ನಾನು ಆ ಹಾಳೆಯನ್ನು ಅಚ್ಚು ಹಾಕಿಸಿಕೊಂಡು ಊರಿಗೆ ಹೋದಾಗ ಅಕ್ಕನಿಗೆ ಕೊಟ್ಟೆ. ಅವಳು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ‘ನಿಯೋಜಿಸಿದ್ದಾರೆ, ಸರಿ ಕಣೋ. ಬರುವುದು ಯಾವತ್ತು?’ ಎಂದಳು.

ಇದೇ ಉಪಪ್ರಶ್ನೆ. ಆದರೆ ಶಾಸಕರ ಪ್ರಶ್ನೆಯು ಚುಕ್ಕೆ ಗುರುತಿಲ್ಲದ ವರ್ಗಕ್ಕೆ ಸೇರಿದ್ದಾಗಿತ್ತು. ಸಭೆಯ ಪಟ್ಟಿಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗಳಿಗೆ ಮಂತ್ರಿಗಳು ಎದ್ದು ಬಾಯಿಮಾತಿನಲ್ಲಿ ಉತ್ತರಿಸಬೇಕು. ಅವುಗಳ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆಯಿಲ್ಲದವಕ್ಕೆ ಲಿಖಿತ ಉತ್ತರವಷ್ಟೆ, ಅಲ್ಲಿಗೆ ಮುಗಿಯಿತು. ದೆಹಲಿಯ ಲೋಕಸಭೆಯಲ್ಲಿಯೂ ಇದೇ ಪದ್ಧತಿ. ಅಲ್ಲಿ ದಿನವೊಂದಕ್ಕೆ ಚುಕ್ಕೆ ಗುರುತಿನವು 20, ಗುರುತಿಲ್ಲದವು 230. ಆ ಇಪ್ಪತ್ತರಲ್ಲಿಯೂ ಒಂದು ಗಂಟೆಯ ಅವಧಿಯಲ್ಲಿ ಬಾಯಿಮಾತಿನ ಉತ್ತರದವರೆಗೆ ತಲುಪುವುವು ಕೆಲವೇ. ಗದ್ದಲವಾದ ದಿನ ಒಂದೂ ಇಲ್ಲ. ಗದ್ದಲ ಮಾಡಿದ ಸದಸ್ಯರು ತಾವು ಸರ್ಕಾರವನ್ನು ಪೇಚಿಗೆ ಸಿಕ್ಕಿಸಿದೆವೆಂದು ತಿಳಿಯುತ್ತಾರೆ. ಆ ದಿನ ಉಪಪ್ರಶ್ನೆಯಿಂದ ಪಾರಾದ ಮಂತ್ರಿಗಳ ಮುಖವನ್ನು ಅವರು ಒಮ್ಮೆ ನೋಡಬೇಕು.

ಉಪಪ್ರಶ್ನೆಯ ಬಲವೇನೆಂಬುದಕ್ಕೆ ಒಂದು ಹಳೆಯ ಪ್ರಸಂಗವನ್ನು ನೆನೆಯಬಹುದು. 1956ರಲ್ಲಿ ಜೀವವಿಮಾ ಕಂಪೆನಿಗಳನ್ನೆಲ್ಲ ರಾಷ್ಟ್ರೀಕರಿಸಿ ಜೀವವಿಮಾ ನಿಗಮವನ್ನು ಸ್ಥಾಪಿಸಿದರು. ನಮ್ಮಂಥ ಸಂಸಾರಸ್ಥರು ಹೆಂಡತಿಮಕ್ಕಳಿಗಾಗಿ ತಿಂಗಳು ತಿಂಗಳೂ ಕಟ್ಟಿದ ಹಣ ಅದು. ಮರುವರ್ಷವೇ ಆ ಹಣದಲ್ಲಿ ಸುಮಾರು ಒಂದು ಕೋಟಿ 24 ಲಕ್ಷ ರೂಪಾಯಿಗಳನ್ನು ಹರಿದಾಸ ಮುಂಧ್ರಾ ಎಂಬ ವ್ಯಾಪಾರಿಯ ಕಂಪೆನಿಗಳ ಷೇರುಗಳಿಗೆ ಹಾಕಲಾಗಿತ್ತು. ಲೋಕಸಭೆಯಲ್ಲಿ ಈ ವಿಚಾರವಾಗಿ ಪ್ರಶ್ನೆ ಬಂದಿತು. ಬಂದ ಉತ್ತರ ತೃಪ್ತಿಕರವಾಗಿರಲಿಲ್ಲ. ಮತ್ತೆ ಕೇಳಿದರು. 1957ರ ಡಿಸೆಂಬರ್ 16ರಂದು ಫಿರೋಜ್ ಗಾಂಧಿಯವರು ಅದರ ಮೇಲೆ ದೀರ್ಘವಾಗಿ ಮಾತನಾಡಿದರು. ಅವರು ಆಳುವ ಪಕ್ಷಕ್ಕೇ ಸೇರಿದವರು. ಪ್ರಧಾನಮಂತ್ರಿಗಳ ಅಳಿಯಂದಿರು ಬೇರೆ! ನ್ಯಾಯಮೂರ್ತಿ ಛಾಗ್ಲಾ ಅವರು ಬಹಿರಂಗವಾಗಿ ವಿಚಾರಣೆ ನಡೆಸಿದರು. 1958ರ ಫೆಬ್ರವರಿಯಲ್ಲಿ ಹಣಕಾಸಿನ ಮಂತ್ರಿಗಳಾದ ಟಿ. ಟಿ. ಕೃಷ್ಣಮಾಚಾರಿಯವರು ರಾಜೀನಾಮೆ ಕೊಟ್ಟರು. ಮೊದಲನೆಯ ಉತ್ತರಕ್ಕೇ ತಲೆದೂಗಿ ಸುಮ್ಮನಾಗಿದ್ದರೆ ಇದಾವುದೂ ನಡೆಯುತ್ತಿರಲಿಲ್ಲ.

ಹಣ ಖರ್ಚಾದ ಮೇಲೆ ಅದನ್ನು ತನಿಖೆ ಮಾಡುವುದಕ್ಕೆ ಮಹಾಲೇಖಪಾಲರ ವರದಿಯೂ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೂ ಇವೆ. ಸಂಸತ್ತಿನ ಸಮಿತಿಗೆ 1967ರಿಂದ ವಿರೋಧ ಪಕ್ಷದವರನ್ನೇ ಅಧ್ಯಕ್ಷರನ್ನಾಗಿ ಮಾಡುವ ಒಳ್ಳೆಯ ಸಂಪ್ರದಾಯ ಬೆಳೆದುಬಂದಿದೆ. ಆದರೆ ಆ ವರದಿಗಳು ಹೊರಬರುವ ವೇಳೆಗೆ ಕೆಲಸ ಕೆಟ್ಟು ಎಷ್ಟೋ ಕಾಲವಾಗಿರುತ್ತದೆ. ಬಿಸಿಬಿಸಿಯಾಗಿ ಕೇಳುವುದಕ್ಕೆ ಇರುವುದು ಆ ಒಂದು ಗಂಟೆಯೇ. 2020ರಲ್ಲಿ ಸಾಂಕ್ರಾಮಿಕದ ಕಾರಣ ಹೇಳಿ ಸಂಸತ್ತಿನ ಮಳೆಗಾಲದ ಅಧಿವೇಶನದಲ್ಲಿ ಆ ಗಂಟೆಯನ್ನು ಕೈಬಿಟ್ಟರು. ಲಿಖಿತ ಉತ್ತರಗಳನ್ನು ಮಾತ್ರ ಉಳಿಸಿಕೊಂಡರು. ಉತ್ತರಗಳು ಬರುತ್ತಲೇ ಇವೆಯಲ್ಲ, ನಷ್ಟವೇನು ಎಂದು ನನ್ನ ಸ್ನೇಹಿತರೊಬ್ಬರು ಆಗ ವಾದಿಸಿದರು. ದೇಶದ ಆಸ್ಪತ್ರೆಗಳ ವಿಚಾರ ‘ಸ್ವಲ್ಪವೆಂದರೆ ಎಷ್ಟು?’ ಎಂದು ಕೇಳಲೇಬೇಕಾದ ವರ್ಷದಲ್ಲಿ ಆ ಮಾತಿಗೇ ಎಡೆಯಿಲ್ಲದಂತಾದುದು ನನಗೇನೋ ದೊಡ್ಡ ನಷ್ಟವಾಗಿಯೇ ತೋರಿತು.

ಅಕ್ಕ ತನ್ನ ಪ್ರಶ್ನೆಯನ್ನು ಒಂದು ಕಾರ್ಡಿನಲ್ಲಿ ಬರೆದು ಶಾಸಕರಿಗೆ ಕಳುಹಿಸಿದಳು. ಅವರು ಸಜ್ಜನರು, ಮುಂದಿನ ಅಧಿವೇಶನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆಯಾಗಿಯೇ ಕೊಟ್ಟರು, ಅದೃಷ್ಟವಶಾತ್ ಸರದಿಯೂ ಬಂತು. ವಾರದಲ್ಲಿ ಯಾವ ದಿವಸ ವೈದ್ಯರು ಬರುತ್ತಾರೆಂದು ಉಪಪ್ರಶ್ನೆ ಹಾಕಿದಾಗ, ಮಂತ್ರಿಗಳು ಹಿಂದೆ ಕುಳಿತಿದ್ದ ಅಧಿಕಾರಿಗಳಿಂದ ಚೀಟಿ ತರಿಸಿಕೊಂಡು, ಮಂಗಳವಾರ ಮತ್ತು ಶುಕ್ರವಾರ ಎಂದರು. ಅದು ಸಭೆಯ ನಡವಳಿಯಲ್ಲಿ ದಾಖಲಾಗಿದೆ. ಈಗ ಅಕ್ಕನ ಅಡಿಗೆಮನೆಯಲ್ಲಿ ಗೋಡೆಗೆ ತೂಗುಹಾಕಿರುವ ಕ್ಯಾಲೆಂಡರಿನಲ್ಲಿ ಹಾಲಿನವಳ ಗುರುತಿನ ಪಕ್ಕದಲ್ಲಿ ವೈದ್ಯರ ಗುರುತೂ ಸೇರಿದೆ. ಬಂದ ದಿನ ಒಂದು ಗೀಟು, ಬಾರದ ದಿನ ಸೊನ್ನೆ. ಕಳೆದ ತಿಂಗಳ ಹಾಳೆಯನ್ನು ಹರಿದು ಅಂಚೆಯಲ್ಲಿ ನನಗೆ ಕಳುಹಿಸಿದ್ದಾಳೆ. ಮಂಗಳವಾರ, ಶುಕ್ರವಾರ ಸೇರಿ ಒಂಬತ್ತು ದಿನ. ಆರು ಗೀಟು, ಮೂರು ಸೊನ್ನೆ. ಇನ್ನೊಂದು ಪ್ರತಿಯನ್ನು ಶಾಸಕರ ಮನೆಗೆ ತಾನೇ ತೆಗೆದುಕೊಂಡು ಹೋಗುತ್ತಾಳಂತೆ.