ಯಾರ ಕಡೆ ಕೂಗಲಿ?

ವಿಜಯದಶಮಿ, ಬೆಳಗ್ಗೆ ಏಳೂವರೆ

ಅರಮನೆಯ ವಜ್ರಮುಷ್ಟಿ ಕಾಳಗಕ್ಕೆ ಪಾಸು ಸಿಕ್ಕಿದೆ. ಹೇಗೆ ಸಿಕ್ಕಿತು ಎಂದು ಇಲ್ಲಿ ಬರೆಯುವುದಿಲ್ಲ, ಬರೆದರೆ ಮುಂದಿನ ವರ್ಷ ಇಡೀ ಕೃಷ್ಣಮೂರ್ತಿಪುರಂ ನಮ್ಮ ಗೇಟಿನ ಮುಂದೆ ನಿಂತೀತು. ಇಷ್ಟು ವರ್ಷ ನಡೆದು ಹೋಗುವಷ್ಟು ದೂರದಲ್ಲೇ ಇದ್ದೂ ಇದನ್ನು ನೋಡಿಲ್ಲ. ದಸರಾ ಎಂದರೆ ನನಗೆ ಜಂಬೂಸವಾರಿ, ಟ್ರಾಫಿಕ್ಕು, ಮನೆ ತುಂಬ ನೆಂಟರು.

ಹೋಗುವ ಆಸೆ ಹತ್ತಿಸಿದ್ದು ತಂಗಿಯ ಮಗ. ಓದಲು ಇಟಲಿಗೆ ಹೋಗಿದ್ದಾನೆ. ಸೆಪ್ಟೆಂಬರಿನಲ್ಲಿ ಅರೆತ್ಸೋ ಎಂಬ ಊರಿಂದ ವಿಡಿಯೋ ಕಳಿಸಿದ್ದ. ನಾಲ್ಕು ಕೇರಿ, ಕೇರಿಗೆ ತನ್ನದೇ ಬಣ್ಣಗಳು, ಕೇರಿಗಿಬ್ಬರು ಸವಾರರು. ಭರ್ಜಿ ಹಿಡಿದು ಕುದುರೆ ಓಡಿಸಿಕೊಂಡು ಬಂದು ಮರದ ಗೊಂಬೆಯ ಗುರಾಣಿಗೆ ಗುರಿಯಿಟ್ಟು ತಿವಿಯಬೇಕು. ಭರ್ಜಿ ನಾಟಿದ ಜಾಗಕ್ಕೆ ತಕ್ಕಂತೆ ಒಂದರಿಂದ ಐದು ಅಂಕ. ಗೊಂಬೆಯ ಇನ್ನೊಂದು ಕೈಯಲ್ಲಿ ಗುಂಡು ಕಟ್ಟಿದ ಚಾಟಿ. ತಿವಿದ ರಭಸಕ್ಕೆ ಗೊಂಬೆ ಗಿರಕಿ ಹೊಡೆದು, ತಪ್ಪಿಸಿಕೊಳ್ಳದ ಸವಾರನ ಬೆನ್ನಿಗೇ ಬಾರಿಸುತ್ತದೆ. ಗೆದ್ದ ಕೇರಿಗೆ ಚಿನ್ನದ ಭರ್ಜಿ. ಮಧ್ಯಯುಗದ ಆಟವನ್ನು 1931ರಲ್ಲಿ ಮತ್ತೆ ಶುರುಮಾಡಿದರಂತೆ. ಜನ ಅಳುತ್ತಾರೆ, ಪಕ್ಕದ ಕೇರಿಯವರನ್ನು ಹೀಗಳೆದು ಹಾಡುತ್ತಾರೆ.

ನನ್ನನ್ನು ಚುಚ್ಚಿದ್ದು ಬೇರೆ. ಆ ಮರದ ಗೊಂಬೆಗೆ ‘ಇಂಡೀಸ್‌ನ ರಾಜ’ ಎಂದು ಹೆಸರು. ನಮ್ಮ ಮನೆಯಲ್ಲಿ ಒಂಬತ್ತು ದಿನ ಪಟ್ಟದ ಗೊಂಬೆಗಳ ಮರದ ರಾಜನಿಗೆ ಹೂ ಮುಡಿಸಿ ಆರತಿ ಎತ್ತುತ್ತೇವೆ. ಅಲ್ಲಿ ಅವನ ಎದೆಗೆ ಭರ್ಜಿ.

ಒಂಬತ್ತು ಗಂಟೆ, ಅರಮನೆ

ಕರಿಕಲ್ಲು ತೊಟ್ಟಿ. ನಡುವೆ ಕೆಮ್ಮಣ್ಣಿನ ಅಖಾಡ. ಮೊದಲು ಬಂದವರಿಗೆ ಕಾಣುತ್ತದೆ, ತಡವಾದವರಿಗೆ ಮುಂದಿನವರ ಮೊಬೈಲು ಕಾಣುತ್ತದೆ. ನನಗೆ ಎರಡೂ ಅರ್ಧರ್ಧ.

ಇಲ್ಲೂ ನಾಲ್ಕು ಕಡೆಯವರು! ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿಗಳು. ಹುಡುಗನಿಗೆ ಹೇಳಬೇಕು ಎಂದುಕೊಂಡೆ. ಆದರೆ ಬಾವುಟವಿಲ್ಲ, ಬಣ್ಣವಿಲ್ಲ. ಎಲ್ಲರದೂ ಒಂದೇ ಲಂಗೋಟಿ, ಒಂದೇ ಬೋಳುತಲೆ. ಯಾವ ಊರಿನವನು ಯಾರು ಎಂದು ಹೇಗೆ ಗುರುತಿಸುವುದು? ಪಕ್ಕದಲ್ಲಿ ಕೂತಿದ್ದ ಹಿರಿಯರನ್ನು ಕೇಳಿದೆ. ಜಟ್ಟಿ ಮನೆತನದವರೇ.

“ಗುರುತಿಸೋದೇನು ಬಂತು ಸ್ವಾಮಿ, ಎಲ್ಲಾ ನೆಂಟರೇ. ಆ ಕಡೆಯವನು ನಮ್ಮ ಷಡ್ಡಕನ ಮಗ.”

ಎದುರಾಳಿ?

“ಅವನೂ ದೂರದ ಸಂಬಂಧ.”

ಜಟ್ಟಿಗಳ ಮೂಲ ಗುಜರಾತಿನ ಮೊಢೇರಾದ ಜ್ಯೇಷ್ಠಿಮಲ್ಲರು ಎನ್ನುತ್ತಾರೆ. ‘ಮಲ್ಲಪುರಾಣ’ ಎಂಬ ಸಂಸ್ಕೃತ ಗ್ರಂಥವೇ ಅವರ ಕುರಿತದ್ದು. ಕುಲದೇವಿ ನಿಂಬಜಾ. ಅಲ್ಲಿಂದ ಇಲ್ಲಿಗೆ ಬಂದು, ಅರಸರ ಆಶ್ರಯ ಪಡೆದು, ಕನ್ನಡದಲ್ಲೇ ಬೈದಾಡಿಕೊಳ್ಳುವಷ್ಟು ನಮ್ಮವರಾದರು.

ಒಂಬತ್ತೂಮುಕ್ಕಾಲು ಇರಬೇಕು, ಗಡಿಯಾರ ನೋಡಲಿಲ್ಲ

ಬಲಗೈ ಬೆರಳುಗಳಿಗೆ ವಜ್ರನಖ ಕಟ್ಟಿದರು. ಮೊನಚು ಹಲ್ಲುಗಳ ಮುಷ್ಟಿಯಾಯುಧ, ಹಿಂದೆ ದಂತದಲ್ಲಿ, ಕೊಂಬಿನಲ್ಲಿ ಮಾಡುತ್ತಿದ್ದರು. ರಾಜವಂಶಸ್ಥರು ಬಂದು ಕೂತರು. ಉಸ್ತಾದರು ಜೋಡಿಯನ್ನು ಎದುರುಬದುರು ನಿಲ್ಲಿಸಿದರು.

ಬರೆಯಲು ಪೆನ್ನು ತೆಗೆದೆ. ಮುಗಿದೇ ಹೋಯಿತು!

ಒಂದು ನಿಮಿಷವೂ ಆಗಿರಲಿಲ್ಲ. ಎರಡು ಕೈ ಮೇಲೆದ್ದದ್ದು, ಒಂದು ಬೋಳುತಲೆ ಬಾಗಿದ್ದು, ಹಣೆಯ ಮೇಲಿಂದ ಕೆಂಪು ಗೆರೆಯೊಂದು ಇಳಿದದ್ದು. ಅಷ್ಟರಲ್ಲಿ ಉಸ್ತಾದರು ನಡುವೆ ನುಗ್ಗಿ ಬಿಡಿಸಿಬಿಟ್ಟರು. ಎರಡನೇ ಜೋಡಿಯೂ ಹೀಗೇ. ಇಷ್ಟಕ್ಕೇ ತಿಂಗಳುಗಟ್ಟಲೆ ತಾಲೀಮು.

ಲೆಕ್ಕಕ್ಕೆ, ರಕ್ತ ಬರಿಸಿದವನು ಗೆದ್ದವನು. ಆದರೆ ಗೆದ್ದವನು ಕುಣಿಯಲಿಲ್ಲ, ಯಾರೂ ಅವನನ್ನು ಹೆಗಲ ಮೇಲೆ ಹೊರಲಿಲ್ಲ. ಪಕ್ಕದ ಹಿರಿಯರನ್ನು ಮತ್ತೆ ಕೇಳಿದೆ, ಯಾರು ಗೆದ್ದಿದ್ದು?

“ರಕ್ತ ಬಿತ್ತಲ್ಲ, ಆಯ್ತು. ಇನ್ನು ಸವಾರಿ ಹೊರಡಬಹುದು.”

ಹೊರಟೂ ಬಿಟ್ಟಿತು. ಕಾಳಗ ಮುಗಿದ ಮೇಲೆಯೇ ವಿಜಯಯಾತ್ರೆ ಭುವನೇಶ್ವರಿ ಗುಡಿಗೆ, ಅಲ್ಲಿ ಬನ್ನಿ ಪೂಜೆ.

ಹಾಗಿದ್ದರೆ ಇದು ಪಂದ್ಯವೋ ಪೂಜೆಯೋ? ಪೂಜೆಯಾದರೆ ಎದುರಾಳಿ ಯಾಕೆ? ಪಂದ್ಯವಾದರೆ ಅಂಕಪಟ್ಟಿ ಎಲ್ಲಿ? 1520ರ ಸುಮಾರಿಗೆ ವಿಜಯನಗರದ ಮಹಾನವಮಿ ನೋಡಿದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಅಲ್ಲಿನ ಮಲ್ಲರು ಹಲ್ಲು ಉದುರುವಷ್ಟು, ಕಣ್ಣು ಹೋಗುವಷ್ಟು ಬಡಿದಾಡುತ್ತಿದ್ದರು ಎಂದು ಬರೆದಿದ್ದಾನೆ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಶುರುಮಾಡಿದಾಗ ಆ ಮಹಾನವಮಿಯನ್ನೇ ಮುಂದುವರಿಸಿದ್ದು. ಪಾಯೆಸನಿಗೂ ನನ್ನ ಹಾಗೇ ದಿಕ್ಕು ತೋಚಿರಲಿಕ್ಕಿಲ್ಲ.

ಗೆಲುವು ಸೋಲು ಬೇಕಾದವರಿಗೆ ದಸರಾ ಕುಸ್ತಿ ಇದೆ. ಅಲ್ಲಿ ಈ ಗರಡಿ, ಆ ಗರಡಿ ಎಂಬ ಹಟ, ಮೊಹಲ್ಲಾ ಮೊಹಲ್ಲಾದ ಹುಡುಗರ ಶಿಳ್ಳೆ, ‘ದಸರಾ ಕಂಠೀರವ’, ‘ದಸರಾ ಕೇಸರಿ’ ಬಿರುದು, ಗದೆ. ಕೃಷ್ಣಮೂರ್ತಿಪುರಂನವರಾದ ನಮಗೆ ಅದೂ ಗೊತ್ತಿಲ್ಲ. ನಮ್ಮದೇನಿದ್ದರೂ ರಾಮಮಂದಿರ, ಶಾರದಾವಿಲಾಸ, ಸಂಜೆಯ ವಾಕಿಂಗು. ಕ್ರಾಸಿಗೂ ಕ್ರಾಸಿಗೂ ಜಗಳವೆಂದರೆ ಗಣೇಶನ ಹಬ್ಬದ ಮೈಕು, ಮತ್ತು ಯಾರ ಮನೆ ಗೊಂಬೆಗೆ ಎಷ್ಟು ಮೆಟ್ಟಿಲು ಎನ್ನುವುದು. ಎರಡನೆಯದು ಮಾತಿಲ್ಲದ ಯುದ್ಧ, ಹೆಚ್ಚು ಅಪಾಯದ್ದು.

ಮಧ್ಯಾಹ್ನ

ಗೇಟು ತೆಗೆಯುವಷ್ಟರಲ್ಲಿ ಎದುರುಮನೆಯ ಅಜ್ಜಿ ಜಗುಲಿಯಿಂದಲೇ ಕೇಳಿದರು, “ರಕ್ತ ಬಂತೇನಪ್ಪಾ?”

ಬಂತು ಅಜ್ಜಿ ಎಂದೆ. “ಸದ್ಯ” ಎಂದು ಒಳಗೆ ಹೋದರು. ಯಾರು, ಯಾವ ಊರಿನವನು ಎಂದು ಕೇಳಲಿಲ್ಲ.

ಹುಡುಗನ ಮೆಸೇಜು: “ಮಾವ, ಸ್ಕೋರ್ ಎಷ್ಟು?” ಏನು ಬರೆಯಲಿ! ಆಮೇಲೆ ಹೇಳುತ್ತೇನೆ ಎಂದೆ.

ರಾತ್ರಿ, ಬನ್ನಿಮಂಟಪ

ಪಂಜಿನ ಕವಾಯತು. ಭರ್ಜಿ, ಕುದುರೆ ಎರಡೂ ಇಲ್ಲಿ ಸಿಕ್ಕವು. ಅಶ್ವಾರೋಹಿ ಪೊಲೀಸರ ಟೆಂಟ್ ಪೆಗ್ಗಿಂಗ್. ನೆಲದಲ್ಲಿ ನೆಟ್ಟ ಮರದ ಗೂಟವನ್ನು ಕುದುರೆ ನಾಗಾಲೋಟದಲ್ಲಿರುವಾಗಲೇ ಭರ್ಜಿಯ ತುದಿಯಲ್ಲಿ ಎತ್ತಿಕೊಂಡು ಹೋಗಬೇಕು. ಇದರ ಹಿಂದೆ ಆಟವಲ್ಲದ ಚರಿತ್ರೆಯೂ ಇದೆ: 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದದ್ದು ಮೈಸೂರು ಮತ್ತು ಜೋಧಪುರದ ಲ್ಯಾನ್ಸರ್‌ಗಳು, ಹೀಗೇ ಕುದುರೆ ಮೇಲೆ, ಮೆಷಿನ್‌ಗನ್ನುಗಳ ಎದುರು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಯೋಧರಲ್ಲಿ ಒಬ್ಬ ನಮ್ಮವನು.

ಮೊದಲ ಸವಾರ ಗೂಟ ಎತ್ತಿದ. ಎರಡನೆಯವನು ತಪ್ಪಿದ, ಇಡೀ ಮೈದಾನ ಅಯ್ಯೋ ಎಂದಿತು. ಮುಂದಿನ ಸಾಲಿನ ಪುಟ್ಟ ಹುಡುಗ ಅಪ್ಪನನ್ನು ಹಿಡಿದು ಜಗ್ಗಿದ.

“ಅಪ್ಪಾ, ನಮ್ಮ ಟೀಮು ಯಾವ್ದು?”

“ಎಲ್ಲಾ ಪೊಲೀಸೇ ಕಣೋ. ಸುಮ್ನೆ ನೋಡು.”

ಹನ್ನೊಂದು ಗಂಟೆ, ಮನೆ

ಹೆಂಡತಿ ಆರತಿ ಮುಗಿಸಿ ಪಟ್ಟದ ಗೊಂಬೆಗಳನ್ನು ಮಲಗಿಸಿದ್ದಳು. ರಾಜನ ತಲೆಯಡಿ ಮಡಿಸಿದ ಕರ್ಚೀಫು. ಅರೆತ್ಸೋದ ವಿಡಿಯೋ ಅವಳಿಗೆ ಇನ್ನೂ ತೋರಿಸಿಲ್ಲ.